ಅಣ್ಣನ ಗಿಟಾರಿಗೆ ಬೆಲೆ ಕಟ್ಟಲು ಹೋಗಿ

(ನರೋಡಾದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ‘ನಮ್ಮ ಮನೆಯ ಒಂದು ಹಳೆಯ ವಸ್ತು’ ಮಾಲಿಕೆಗಾಗಿ ಆಡಿದ ಮಾತುಗಳ ಬರಹರೂಪ)



ಈ ಮಾಲಿಕೆಯಲ್ಲಿ ಇದುವರೆಗೆ ಒಬ್ಬರು ಅತ್ತೆಯವರ ಕಂಚಿನ ತಪ್ಪಲೆ ತಂದಿದ್ದರು, ಇನ್ನೊಬ್ಬರು ಅಜ್ಜಿಯ ಇಳಕಲ್ ಸೀರೆ ತಂದಿದ್ದರು. ನನ್ನ ಸರದಿ ಬಂದಾಗ ಈ ಉದ್ದನೆಯ ಕಪ್ಪು ಚೀಲವನ್ನು ರಿಕ್ಷಾದಲ್ಲಿ ಹೊತ್ತುಕೊಂಡು ಬಂದೆ. ಗೇಟಿನ ಹತ್ತಿರ ವಾಚ್‌ಮನ್ “ಇದೇನು ಬೆನ್, ಹಾರ್ಮೋನಿಯಂ ಉದ್ದ ಆಯಿತಾ?” ಅಂತ ಕೇಳಿದ. ಹಾರ್ಮೋನಿಯಂ ಅಲ್ಲ, ಇದು ಎಲೆಕ್ಟ್ರಿಕ್ ಗಿಟಾರು. ನಮ್ಮ ಅಣ್ಣನದು.

ನೋಡಿ, ಕೆಂಪು ಬಣ್ಣ, ಅಂಚಿಗೆ ಹೋದಂತೆ ಕಪ್ಪು. ಮೊಣಕೈ ಊರುವ ಜಾಗದಲ್ಲಿ ಬಣ್ಣ ಪೂರಾ ಹೋಗಿ ಮರ ಕಾಣುತ್ತಿದೆ. ಹಿಂದುಗಡೆ ಈ ಗೀರುಗಳೆಲ್ಲ ಅಣ್ಣನ ಬೆಲ್ಟಿನ ಬಕಲ್ ಮಾಡಿದವು. ತೂಕ ಹೆಚ್ಚುಕಡಿಮೆ 4 ಕಿಲೋ. ಹಳೆಯ ಗಿಟಾರುಗಳಿಗೆ ಈಗ ‘ವಿಂಟೇಜ್’ ಅನ್ನುತ್ತಾರೆ. ಆ ಮಾತಿಗೆ ಎಷ್ಟು ತೂಕ ಇದೆ ಎಂದು ತಿಳಿಯಲು ಹೋಗಿ ನಾನು ಒಂದು ತಪ್ಪು ಮಾಡಿದೆ, ಒಂದು ಒಳ್ಳೆಯ ಕೆಲಸವನ್ನೂ ಮಾಡಿದೆ. ಎರಡನ್ನೂ ಹೇಳುತ್ತೇನೆ.

ನಮ್ಮ ಊರು ಹುಬ್ಬಳ್ಳಿ. ಅಣ್ಣ ರೈಲ್ವೆ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. 1979ರಲ್ಲಿ ರೈಲ್ವೆ ಕಾಲೊನಿಯ ವಯಸ್ಸಾದ ಒಬ್ಬರು ಊರು ಬಿಡುವಾಗ ಈ ಗಿಟಾರನ್ನು ಅವನಿಗೆ 600 ರೂಪಾಯಿಗೆ ಕೊಟ್ಟರು. ಅದನ್ನು ಅವನು ಆರು ಕಂತಿನಲ್ಲಿ ತೀರಿಸಿದ. ಗಣೇಶನ ಹಬ್ಬ ಬಂತೆಂದರೆ ಅಣ್ಣ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಒಂದು ಓಣಿಯ ಪೆಂಡಾಲಿನಿಂದ ಇನ್ನೊಂದು ಓಣಿಯ ಪೆಂಡಾಲಿಗೆ ಅವರ ಆರ್ಕೆಸ್ಟ್ರಾ. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂತು, ಇಳಯರಾಜಾ ಸಂಗೀತ. ಆಮೇಲಂತೂ ಓಣಿಯ ಹುಡುಗರಿಗೆಲ್ಲ ಗಿಟಾರಿನ ಹುಚ್ಚು.

ಹುಡುಗಿಯರಿಗೂ ಇತ್ತು, ಆದರೆ ನಮ್ಮನ್ನು ಯಾರು ಕೇಳುತ್ತಾರೆ? ಗಂಗೂಬಾಯಿ ಹಾನಗಲ್ಲರು ಇದ್ದ ಊರು ನಮ್ಮದು, ಹೆಣ್ಣುಮಕ್ಕಳು ಹಾಡುವುದಕ್ಕೆ ಮನೆಯಲ್ಲಿ ಬೇಡ ಅನ್ನುತ್ತಿರಲಿಲ್ಲ. ಗಿಟಾರಿನ ಹತ್ತಿರ ಹೋದರೆ ಮಾತ್ರ ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: “ಏ, ಕರೆಂಟಿನ ಸಾಮಾನ ಅದು, ಮುಟ್ಟಬ್ಯಾಡ!”

ಅವ್ವ ಸಂತೆಗೆ ಹೋದ ದಿನ ಅಣ್ಣ ಕರೆಯುತ್ತಿದ್ದ: “ಬಾರವಾ ತಂಗಿ, ಐದ ಸ್ವರ ಕಲಿಸ್ತೀನಿ.” ಗಿಟಾರನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಕೈಗೆ ಒಂದು ಉಕ್ಕಿನ ಕೊಳವೆಯ ತುಂಡು ಕೊಟ್ಟು, ಅದನ್ನು ತಂತಿಯ ಮೇಲೆ ಜಾರಿಸು ಅನ್ನುತ್ತಿದ್ದ. ಭೂಪ ರಾಗ, ನಿಮ್ಮಲ್ಲಿ ಮೈಸೂರು ಕಡೆಯವರು ಮೋಹನ ಅನ್ನುತ್ತೀರಿ. ಸ, ರಿ, ಗ, ಪ, ದ, ಇಷ್ಟೇ. ಅವನ ಹತ್ತಿರ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಕ್ಯಾಸೆಟ್ ಇತ್ತು. ಸಂತೂರ್, ಕೊಳಲು, ಗಿಟಾರು ಮೂರೂ ಸೇರಿ ಕಾಶ್ಮೀರದ ಒಬ್ಬ ಕುರುಬನ ಒಂದು ದಿನವನ್ನು ರಾಗಗಳಲ್ಲಿ ಹೇಳುವ ಸಂಗೀತ. ಅದರಲ್ಲಿ ಭೂಪವೂ ಇತ್ತು. “ಕೇಳು, ಇದು ವೀಣಾ ಅಲ್ಲ, ಗಿಟಾರು. ಮೀಂಡ್ ಹೆಂಗ್ ಬರ್ತದ ನೋಡು” ಅನ್ನುತ್ತಿದ್ದ. ಗಿಟಾರ್ ನುಡಿಸಿದವರು ಯಾರು, ಯಾವ ಊರಿನವರು ಎಂದು ನಾನು ಕೇಳಲಿಲ್ಲ. ಆ ಕೇಳದೆ ಹೋದ ಪ್ರಶ್ನೆಗೆ ಆಮೇಲೆ ಬರುತ್ತೇನೆ.

1988ರಲ್ಲಿ ಮದುವೆಯಾಗಿ ನರೋಡಾಕ್ಕೆ ಬಂದೆ. ನಮ್ಮ ಮನೆಯವರಿಗೆ ಇಲ್ಲೇ ಜಿಐಡಿಸಿಯಲ್ಲಿ ಕೆಲಸ. ಮಗ ಶಾಲೆಗೆ ಹೋಗತೊಡಗಿದ ಮೇಲೆ, 1996ರಿಂದ, ನಾನೂ ಜಿಐಡಿಸಿಯ ಒಂದು ಚಿಕ್ಕ ಘಟಕಕ್ಕೆ ಸೇರಿದೆ. ಸಣ್ಣ ಟ್ರಾನ್ಸ್‌ಫಾರ್ಮರ್, ರಿಲೇಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ವೈಂಡಿಂಗ್. 22 ವರ್ಷ ಅದನ್ನೇ ಮಾಡಿದೆ. ನಮ್ಮ ಸಾಲಿನಲ್ಲಿ ಹನ್ನೊಂದು ಜನ, ಎಲ್ಲರೂ ಹೆಂಗಸರು. ಕೂದಲಿನಂಥ ತಂತಿಯನ್ನು ಕಡಿಯದಂತೆ ಸುತ್ತುವುದಕ್ಕೆ ಹೆಂಗಸರ ಬೆರಳೇ ಬೇಕು ಅನ್ನುತ್ತಿದ್ದರು ಶೇಠ್. ಸಂಬಳ ಹೆಚ್ಚಿಸುವಾಗ ಮಾತ್ರ ಆ ಬೆರಳು ಅವರ ನೆನಪಿಗೆ ಬರುತ್ತಿರಲಿಲ್ಲ.

2021ರಲ್ಲಿ ಅಣ್ಣ ತೀರಿಹೋದ. ಎರಡು ವರ್ಷದ ಮೇಲೆ ವೈನಿ ಫೋನ್ ಮಾಡಿದರು. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಮೊದಲ ವರ್ಷದ ಫೀಸು ಮತ್ತು ಹಾಸ್ಟೆಲ್ ಸೇರಿ 1 ಲಕ್ಷ 10 ಸಾವಿರ ಬೇಕು. “ಅವರ ಗಿಟಾರು ಅಟ್ಟದ ಮ್ಯಾಲೆ ಅದ. ನಿಮ್ಮದು ದೊಡ್ಡ ಊರು. ಅಲ್ಲೇನರೆ ಬೆಲೆ ಬರ್ತದನ ನೋಡ್ತೀಯಾ?” ಅಂದರು. ನನ್ನ ಮಗ ಊರಿಗೆ ಹೋದವನು ಅದನ್ನು ರೈಲಿನಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದ.

ಚೀಲ ಬಿಚ್ಚಿ, ತುದಿಯಲ್ಲಿ ಹೆಸರು ಬರೆದಿರುವ ಜಾಗವನ್ನು ಅವನು ದೀಪಕ್ಕೆ ಹಿಡಿದ. ಅಕ್ಷರ ಅರ್ಧ ಅಳಿಸಿತ್ತು. ಮೊದಲಲ್ಲಿ ‘ಗಿ’, ಕೊನೆಯಲ್ಲಿ ‘ಸನ್’. “ಅಮ್ಮಾ, ಇದು ಗಿಬ್ಸನ್!” ಅಂತ ಕೂಗಿದ.

ಅವತ್ತು ರಾತ್ರಿ ಅವನು ನನಗೆ ಪಾಠ ಮಾಡಿದ. ಅಮೆರಿಕದ ಗಿಬ್ಸನ್ ಕಂಪನಿ 1952ರಲ್ಲಿ ‘ಲೆಸ್ ಪಾಲ್’ ಎಂಬ ಗಿಟಾರ್ ತಂದಿತು. ಫೆಂಡರ್ ಕಂಪನಿ 1954ರಲ್ಲಿ ‘ಸ್ಟ್ರಾಟೊಕಾಸ್ಟರ್’ ತಂದಿತು. 1958ರಿಂದ 1960ರವರೆಗೆ ಗಿಬ್ಸನ್ ಮಾಡಿದ ಕೆಂಪು ಹಳದಿ ಛಾಯೆಯ ಲೆಸ್ ಪಾಲ್‌ಗಳಿಗೆ ಆಗ ಬೆಲೆ 250 ಡಾಲರ್‌ನ ಆಸುಪಾಸು. ಕೊಳ್ಳುವವರು ಸಾಕಷ್ಟು ಸಿಗದೆ ಕಂಪನಿ ಆ ಮಾದರಿಯನ್ನೇ ಕೈಬಿಟ್ಟಿತು. ಆಮೇಲೆ 1966ರಲ್ಲಿ ಎರಿಕ್ ಕ್ಲಾಪ್ಟನ್ ಎಂಬ ಇಂಗ್ಲಿಷ್ ಹುಡುಗ ಒಂದು ರೆಕಾರ್ಡಿನಲ್ಲಿ ಅದನ್ನು ನುಡಿಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಮಾಡಿದ್ದೇ ಒಂದೂವರೆ ಸಾವಿರದಷ್ಟು. ಈಗ ಒಂದೊಂದಕ್ಕೆ ಕೋಟಿ ರೂಪಾಯಿಗೂ ಮೇಲೆ. 2019ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ ತನ್ನ ಕಪ್ಪು ಸ್ಟ್ರಾಟೊಕಾಸ್ಟರನ್ನು ಹರಾಜಿಗಿಟ್ಟಾಗ ಅದಕ್ಕೆ 39 ಲಕ್ಷ ಡಾಲರ್ ದಾಟಿತು. ಆ ಹಣವನ್ನು ಅವರು ಪರಿಸರದ ಕೆಲಸಕ್ಕೆ ಕೊಟ್ಟರು.

“ಹಳೇದಾದರೆ ಬೆಲೆ ಕಡಿಮೆ ಆಗಬೇಕಲ್ಲಪ್ಪ?” ಅಂದೆ. ಅವನು ಕಾರಣಗಳನ್ನು ಹೇಳಿದ. ಮರ ದಶಕಗಟ್ಟಲೆ ಒಣಗಿರುತ್ತದೆ. ಆಗಿನ ಬಿಡಿಭಾಗ ಈಗ ಸಿಗುವುದಿಲ್ಲ. ಆಗ ಕೈಯಿಂದ ಮಾಡಿದ್ದು ಹೆಚ್ಚು, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಎಲ್ಲಕ್ಕಿಂತ ಮುಖ್ಯ, ಅದು ‘ಮುಟ್ಟದೆ’ ಉಳಿದಿರಬೇಕು. ಅದೇ ಬಣ್ಣ, ಅದೇ ಸ್ಕ್ರೂ, ಅದೇ ಬೆಸುಗೆ. ಯಾರಾದರೂ ಅಕ್ಕರೆಯಿಂದ ಹೊಸ ಬಣ್ಣ ಹೊಡೆಸಿದ್ದರೆ ಬೆಲೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದಂತೆ. ನನಗೆ ನಗು ಬಂತು. ನಮ್ಮ ಪಾತ್ರೆಗೆ ಕಲಾಯಿ ಹಾಕಿಸಿದರೆ ಬೆಲೆ ಹೆಚ್ಚು, ಅವರ ಗಿಟಾರಿಗೆ ಹಾಕಿಸಿದರೆ ಕಡಿಮೆ.

ನಕ್ಕರೂ ಆಸೆ ಹುಟ್ಟಿತು. ನನ್ನ ತಪ್ಪು ಇಲ್ಲಿದೆ. ಯಾರಿಗೂ ತೋರಿಸದೆ, ಯಾರನ್ನೂ ಕೇಳದೆ ಅದೇ ರಾತ್ರಿ ವೈನಿಗೆ ಫೋನ್ ಮಾಡಿದೆ: “ವೈನಿ, ಇದು ಗಿಬ್ಸನ್ ಅಂತ. ಲಕ್ಷಗಟ್ಟಲೆ ಬರಬಹುದು. ಫೀಸಿನ ಚಿಂತಿ ಬಿಡ್ರಿ.” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ “ಹೌದಾ?” ಅಂದರು, ಅಷ್ಟೇ.

ಮರುದಿನ ಹಳೇ ಶಹರಿನ ಒಂದು ವಾದ್ಯದ ಅಂಗಡಿಗೆ ಹೋದೆವು. ಅಲ್ಲಿ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ಅವರು ಕನ್ನಡಕ ಏರಿಸಿ, ಹೆಸರಿನ ಜಾಗಕ್ಕೆ ಬಟ್ಟೆ ಒದ್ದೆ ಮಾಡಿ ಒರೆಸಿದರು. ನಡುವಿನ ಅಕ್ಷರ ನಿಧಾನವಾಗಿ ಕಾಣಿಸಿತು. ಅದು ‘ಬ’ ಅಲ್ಲ.

“ಬೆನ್, ಇದು ಅಮೆರಿಕದ್ದಲ್ಲ, ಕೋಲ್ಕತ್ತಾದ್ದು” ಅಂದರು. ಆ ಕಾಲದಲ್ಲಿ ವಿದೇಶಿ ಗಿಟಾರ್ ತರಿಸುವುದು ನಮ್ಮಂಥವರಿಗೆ ಆಗದ ಮಾತು. ಕೋಲ್ಕತ್ತಾದಲ್ಲಿ ಮಾಡಿದ ಗಿಟಾರುಗಳೇ ದೇಶದ ಆರ್ಕೆಸ್ಟ್ರಾ, ಚರ್ಚು, ಕಾಲೇಜುಗಳನ್ನು ನಡೆಸಿದವು. ಇದು ಅಂಥದೊಂದು. ಒಂದೇ ಅಕ್ಷರದ ವ್ಯತ್ಯಾಸ. “ಮೇಲಾಗಿ ಒಂದು ಪಿಕಪ್ ಸತ್ತಿದೆ. ಹೀಗೇ ಕೊಟ್ಟರೆ 3,500 ಬರಬಹುದು.”

ಲಕ್ಷ ಎಲ್ಲಿ, 3,500 ಎಲ್ಲಿ! ಮನೆಗೆ ಬಂದು ವೈನಿಗೆ ಹೇಗೆ ಹೇಳಲಿ ಎಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಹೇಳಿದೆ. ಅವರು ಬೈಯಲಿಲ್ಲ. “ಅವರಿಗೆ ಗೊತ್ತಿತ್ತು” ಅಂದರು. “‘ಹೆಸರಿನ್ಯಾಗ ಒಂದ ಅಕ್ಷರ ಬ್ಯಾರೆ ಅದ, ಸ್ವರದಾಗ ಏನೂ ಬ್ಯಾರೆ ಇಲ್ಲ’ ಅಂತ ನಗ್ತಿದ್ರು. ನೀ ಲಕ್ಷ ಅಂದಾಗ, ಅವರಿಗಿಂತ ನಿನಗ ಹೆಚ್ಚು ತಿಳದಿರಬಹುದು ಅನ್ಕೊಂಡೆ. ನಾನೂ ಆಸೆಪಟ್ಟೆ.”

ಆ ಮಾತು ನನಗೆ ಚುಚ್ಚಿತು. ಹಣದ ವಿಷಯ ಹೇಗೋ ಆಯಿತು, ನನ್ನ ಪಿ.ಎಫ್. ಹಣದಲ್ಲಿ ಸ್ವಲ್ಪ ಕೊಟ್ಟೆ, ಉಳಿದದ್ದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ ಸಿಕ್ಕಿತು. ಆದರೆ ತೀರಿಹೋದ ಗಂಡನ ವಸ್ತುವಿನ ಮೇಲೆ ಒಬ್ಬ ಹೆಣ್ಣುಮಗಳಿಗೆ ಸುಳ್ಳು ಆಸೆ ಹುಟ್ಟಿಸಿದ್ದೆನಲ್ಲ, ಅದನ್ನು ಬ್ಯಾಂಕು ತೀರಿಸುವುದಿಲ್ಲ. ಕಡೇಪಕ್ಷ ಅದರ ದನಿಯನ್ನಾದರೂ ವಾಪಸು ತರಿಸೋಣ ಎಂದು ಮತ್ತೆ ಕಾಕಾನ ಹತ್ತಿರ ಹೋದೆ.

“ಸತ್ತ ಪಿಕಪ್ ತೆಗೆದು ಬೇರೆ ಹಾಕುತ್ತೇನೆ, ಎಂಟು ನೂರು” ಅಂದರು ಅವರು. “ಒಳಗೆ ಏನಿದೆ, ತೋರಿಸಿ” ಅಂದೆ. ಮುಚ್ಚಳ ತೆಗೆದು ತೋರಿಸಿದರು. ನನಗೆ ನಂಬಲಿಕ್ಕೇ ಆಗಲಿಲ್ಲ. ಅದು ಕಾಯಿಲ್! ನಾನು 22 ವರ್ಷ ಸುತ್ತಿದ್ದು ಅದನ್ನೇ.

ಸಹೋದರಿಯರೇ, ಎಲೆಕ್ಟ್ರಿಕ್ ಗಿಟಾರಿನ ಗುಟ್ಟು ಇಷ್ಟೇ. ಇದಕ್ಕೆ ವೀಣೆಗಿರುವಂಥ ಕೊಡ ಇಲ್ಲ, ಗಟ್ಟಿ ಹಲಗೆ. ತಂತಿಗಳ ಕೆಳಗೆ ಆರು ಚಿಕ್ಕ ಅಯಸ್ಕಾಂತಗಳಿವೆ. ಅವುಗಳ ಸುತ್ತ ಎನಾಮಲ್ ಹಚ್ಚಿದ ತಾಮ್ರದ ತಂತಿ, ನಮ್ಮ ಲೆಕ್ಕದಲ್ಲಿ 46 ಗೇಜು, ತಲೆಗೂದಲಿನಷ್ಟು ತೆಳು, ಸುಮಾರು 8,000 ಸುತ್ತು. ಮೇಲಿನ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಕಾಯಿಲಿನಲ್ಲಿ ಚೂರೇ ಚೂರು ಕರೆಂಟು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಅಂದರೆ ಅವ್ವ ಹೆದರಿದ ಹಾಗೆ ಗೋಡೆಯ ಕರೆಂಟು ಇದರ ತಂತಿಗೆ ಬರುವುದಿಲ್ಲ. ತಂತಿಯೇ ಕರೆಂಟು ಮಾಡುತ್ತದೆ.

ಕಾಕಾನ ಮೀಟರಿನಲ್ಲಿ ನೋಡಿದೆವು. ಒಂದು ಪಿಕಪ್ 6.8 ಕಿಲೋ ಓಮ್ ತೋರಿಸಿತು. ಇನ್ನೊಂದು ಏನೂ ತೋರಿಸಲಿಲ್ಲ. ಒಳಗೆ ಎಲ್ಲೋ ತಂತಿ ಕಡಿದಿದೆ. “ಕಾಕಾ, ಇದನ್ನು ನಾನೇ ಸುತ್ತಿಕೊಡುತ್ತೇನೆ” ಅಂದೆ. ಅವರು ನಕ್ಕರು. “ಅಮೆರಿಕದ ಅಸಲಿ ಮಾಲಾಗಿದ್ದರೆ ನಿಮ್ಮ ಕೈಗೆ ಕೊಡುತ್ತಿರಲಿಲ್ಲ. ಪಿಕಪ್ ಮತ್ತೆ ಸುತ್ತಿದ್ದು ಗೊತ್ತಾದರೆ ಬೆಲೆ ಬಿದ್ದುಹೋಗುತ್ತದೆ. ಇದನ್ನು ಧೈರ್ಯವಾಗಿ ಸುತ್ತಿ.”

ಆಮೇಲೆ ಅವರೇ ಹೇಳಿದ ಒಂದು ಕಥೆ ಕೇಳಿ, ನಮ್ಮ ವೇದಿಕೆಗೆ ಬೇಕಾದದ್ದು. ಕ್ಯಾಲಿಫೋರ್ನಿಯಾದ ಫೆಂಡರ್ ಕಾರ್ಖಾನೆಗೆ 1956ರಲ್ಲಿ ಅಬಿಗೈಲ್ ಇಬಾರಾ ಎಂಬ ಹೆಣ್ಣುಮಗಳು ಕೆಲಸಕ್ಕೆ ಸೇರಿದರು. ಪಿಕಪ್ಪಿಗೆ ತಂತಿ ಸುತ್ತುವ ಕೆಲಸ. ಬೆರಳಿನಿಂದ ತಂತಿಯನ್ನು ಅತ್ತ ಇತ್ತ ಹಾಯಿಸುತ್ತ ಸುತ್ತುವಾಗ ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ಆ ಸಣ್ಣ ಏರುಪೇರೇ ದನಿಗೆ ಒಂದು ಗುಣ ಕೊಡುತ್ತದೆ ಎಂದು ನುಡಿಸುವವರು ನಂಬಿದರು. ಆಕೆ 2013ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ, ಆಕೆಯ ಹೆಸರಿನ ಮೊದಲ ಅಕ್ಷರಗಳಿರುವ ಪಿಕಪ್ಪುಗಳಿಗೆ ಸಂಗ್ರಹಕಾರರು ಹೆಚ್ಚು ದುಡ್ಡು ಕೊಡುತ್ತಿದ್ದರು. ಹಳೇ ಗಿಟಾರಿನ ‘ಆ ಕಾಲದ ದನಿ’ ಎಂದು ಲೋಕ ಯಾವುದನ್ನು ಹುಡುಕುತ್ತದೆಯೋ, ಅದರಲ್ಲಿ ಒಂದು ಪಾಲು ಕಾರ್ಖಾನೆಯ ಬೆಂಚಿನ ಮೇಲೆ ಕೂತ ಹೆಂಗಸರ ಬೆರಳಿನದು. ನಮ್ಮ ಸಾಲಿನ ಹನ್ನೊಂದು ಜನರಲ್ಲಿ ಯಾರೂ ಯಾವ ಕಾಯಿಲಿನ ಮೇಲೂ ಹೆಸರು ಬರೆದವರಲ್ಲ. ಬರೆಯಬಹುದು ಎಂದೂ ನಮಗೆ ಹೊಳೆದಿರಲಿಲ್ಲ.

ಹಳೆಯ ಶೇಠರನ್ನು ಕೇಳಿದೆ. ರಜೆಯ ದಿನ ಮಷೀನು ಬಿಟ್ಟುಕೊಟ್ಟರು. ಐದು ವರ್ಷ ಕೈ ಬಿಟ್ಟಿತ್ತು, ಕನ್ನಡಕದ ನಂಬರೂ ಏರಿತ್ತು. ಮೊದಲ ಸಲ 2,100ಕ್ಕೆ ತಂತಿ ಕಡಿಯಿತು. ಎರಡನೆಯ ಸಲ 5,000 ದಾಟಿ ಕಡಿಯಿತು. ನನಗೆ ಅಳು ಬರುವಂತಾಯಿತು. ಜೊತೆಗೆ ಬಂದಿದ್ದ ಹಳೆಯ ಗೆಳತಿ ಒಬ್ಬಳು “ಬಿಗಿ ಹಿಡೀತಾ ಇದ್ದೀಯ, ಬೆರಳು ಸಡಿಲ ಬಿಡು” ಅಂದಳು. ಮೂರನೆಯ ಸಲ ಕೌಂಟರ್ 8,000 ತೋರಿಸಿದಾಗ ಮಷೀನು ನಿಲ್ಲಿಸಿ ಸುಮ್ಮನೆ ಕೂತೆ. ಮೇಣ ಕರಗಿಸಿ ಅದರಲ್ಲಿ ಕಾಯಿಲ್ ಅದ್ದಿದೆವು. ಹಾಗೆ ಮಾಡದಿದ್ದರೆ ಸುತ್ತುಗಳು ಒಳಗೇ ಅಲುಗಾಡಿ ದನಿ ಕಿರುಚುತ್ತದೆ. ಅಂಚಿನಲ್ಲಿ ಸಣ್ಣ ಪೆನ್ನಿನಿಂದ ನಮ್ಮಿಬ್ಬರ ಹೆಸರಿನ ಮೊದಲ ಅಕ್ಷರ, ಕನ್ನಡದಲ್ಲಿ ಒಂದು, ಗುಜರಾತಿಯಲ್ಲಿ ಒಂದು, ಮತ್ತು ತಾರೀಖು ಬರೆದೆವು.

ಕಾಕಾ ಬೆಸುಗೆ ಹಾಕುವಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. “ಅಣ್ಣ ಏನು ನುಡಿಸುತ್ತಿದ್ದರು?” ಅಂತ ಕೇಳಿದರು. ಸಿನಿಮಾ ಹಾಡು ಅಂದೆ, ತೊಡೆಯ ಮೇಲಿಟ್ಟು ಭೂಪ ಕಲಿಸಿದ್ದನ್ನೂ ಹೇಳಿದೆ, ಆ ಕ್ಯಾಸೆಟ್ಟಿನ ಹೆಸರನ್ನೂ ಹೇಳಿದೆ. ಅವರು ಬೆಸುಗೆಯ ಕಡ್ಡಿ ಕೆಳಗಿಟ್ಟರು.

“ಬೆನ್, ಅದರಲ್ಲಿ ಗಿಟಾರ್ ನುಡಿಸಿದ್ದು ಬ್ರಿಜ್‌ಭೂಷಣ ಕಾಬ್ರಾ ಸಾಹೇಬರು. ಇದೇ ಅಹಮದಾಬಾದಿನವರು.”

1967ರಲ್ಲಿ ಆ ರೆಕಾರ್ಡು ಬಂತು. ಸಂತೂರ್ ಶಿವಕುಮಾರ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಕಾಬ್ರಾ. ಜೋಧಪುರದಲ್ಲಿ ಹುಟ್ಟಿ, ಅಲಿ ಅಕ್ಬರ್ ಖಾನರ ಶಿಷ್ಯರಾಗಿ, ಅಹಮದಾಬಾದಿನಲ್ಲಿ ನೆಲೆಸಿದ್ದವರು. 2018ರಲ್ಲಿ ಇಲ್ಲೇ ತೀರಿಕೊಂಡರು. ನಾನು ನರೋಡಾಕ್ಕೆ ಬಂದಾಗಿನಿಂದ 30 ವರ್ಷ, ಅಣ್ಣ ಕಿವಿಗೊಟ್ಟು ಕೇಳುತ್ತಿದ್ದ ಆ ಬೆರಳುಗಳು ಇದೇ ಊರಿನಲ್ಲಿದ್ದವು. ಅಣ್ಣ ಎರಡು ಸಲ ನಮ್ಮ ಮನೆಗೆ ಬಂದಿದ್ದ. ಸಾಬರಮತಿ ಆಶ್ರಮ ತೋರಿಸಿದೆ, ಕಾಂಕರಿಯಾ ಕೆರೆ ತೋರಿಸಿದೆ. ಗೊತ್ತಿದ್ದರೆ ಅವರ ಮನೆಯ ಬಾಗಿಲಿಗಾದರೂ ಕರೆದುಕೊಂಡು ಹೋಗುತ್ತಿದ್ದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಕಾಲದಲ್ಲಿ ಕೇಳದಿದ್ದರೆ ಹೀಗಾಗುತ್ತದೆ.

ಕಾಬ್ರಾ ಅವರ ಗಿಟಾರು ಯಾವುದು ಗೊತ್ತೇ? ನಿಜವಾದ ಗಿಬ್ಸನ್. ‘ಸೂಪರ್ 400’ ಎಂಬ ಮಾದರಿ. 1934ರಲ್ಲಿ ಅದು ಮೊದಲು ಬಂದಾಗ ಬೆಲೆ 400 ಡಾಲರ್, ಹೆಸರು ಅದರಿಂದಲೇ ಬಂತು. ಅಂಥ ವಾದ್ಯವನ್ನು ಅವರು ಇದ್ದ ಹಾಗೇ ಇಟ್ಟುಕೊಳ್ಳಲಿಲ್ಲ. ತಂತಿಗಳನ್ನು ಮೇಲಕ್ಕೆತ್ತಿಸಿದರು, ಶ್ರುತಿಗೆ ತಂತಿ ಸೇರಿಸಿದರು, ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಿ ಆಲಾಪ ನುಡಿಸಿದರು. ‘ಮುಟ್ಟಬಾರದು’ ಅನ್ನುವ ಸಂಗ್ರಹಕಾರ ನೋಡಿದರೆ ಎದೆ ಒಡೆದುಕೊಳ್ಳುತ್ತಿದ್ದ. ಆದರೆ ಹಾಗೆ ಮುಟ್ಟಿದ್ದರಿಂದಲೇ ಹಿಂದುಸ್ತಾನಿ ಸಂಗೀತಕ್ಕೆ ಒಂದು ವಾದ್ಯ ಬಂತು. ಅವರ ನಂತರ ಜಯಪುರದ ವಿಶ್ವಮೋಹನ ಭಟ್ಟರೂ ಗಿಟಾರನ್ನು ಬದಲಿಸಿ ‘ಮೋಹನವೀಣೆ’ ಮಾಡಿಕೊಂಡರು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಅವರ ಅಕ್ಕ ಸಿತಾರ್ ವಾದಕಿ ಮಂಜು ಮೆಹತಾ, ಪತಿ ನಂದನ್ ಮೆಹತಾ ಅವರೊಡನೆ ನಮ್ಮ ಈ ಊರಿನ ‘ಸಪ್ತಕ್’ ಅನ್ನು 1980ರಿಂದ ಬೆಳೆಸಿದವರು. ಪ್ರತಿ ಜನವರಿಯ ಮೊದಲ ದಿನಗಳಲ್ಲಿ ಸಪ್ತಕ್ ಸಂಗೀತೋತ್ಸವ ನಡೆಯುತ್ತದೆ, ಯಾರೂ ತಪ್ಪಿಸಿಕೊಳ್ಳಬೇಡಿ. ಅಕ್ಕ ಅಹಮದಾಬಾದಿನಲ್ಲಿ, ತಮ್ಮನ ಕೈಯಲ್ಲಿ ಗಿಟಾರು. ಕೇಳಿದಾಗ ನನ್ನ ಎದೆಯಲ್ಲಿ ಏನೋ ಆಯಿತು.

ಇನ್ನೊಂದು ವಿಷಯ. ಲೋಕದಲ್ಲಿ ಮೊದಲು ಮಾರಾಟಕ್ಕೆ ಬಂದ ಎಲೆಕ್ಟ್ರಿಕ್ ಗಿಟಾರು, 1932ರ ರಿಕೆನ್‌ಬ್ಯಾಕರ್, ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದದ್ದು. ನೋಡಲು ಬಾಣಲೆಯ ಹಾಗಿತ್ತು, ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. ಅದೂ ತೊಡೆಯ ಮೇಲೆ ಮಲಗಿಸಿ, ಉಕ್ಕು ಜಾರಿಸಿ ನುಡಿಸುವ ಹವಾಯಿ ಗಿಟಾರೇ. ಹಾಗಾದರೆ ಅಣ್ಣ ನನಗೆ ಕಲಿಸಿದ್ದು ಅಡ್ಡದಾರಿಯಲ್ಲ, ರಾಜಮಾರ್ಗ.

ಈ ಕಪ್ಪು ಪಟ್ಟಿ ನೋಡಿ, ಬೆರಳಿಡುವ ಜಾಗ. ಕಾಕಾ ಇದನ್ನು ‘ಸೀಸಮ್’ ಅಂದರು. ನಮ್ಮ ಬೀಟೆ ಮರ. ಮೈಸೂರಿನ ಕುಸುರಿ ಕೆತ್ತನೆಯ ಪೆಟ್ಟಿಗೆಗಳಲ್ಲಿ ನೀವೆಲ್ಲ ನೋಡಿರುವ ಅದೇ ಮರ. ಒಂದು ಕಾಲಕ್ಕೆ ಒಳ್ಳೆಯ ಗಿಟಾರಿಗೆಲ್ಲ ಬ್ರೆಜಿಲ್ ದೇಶದ ಬೀಟೆಯೇ ಬೇಕಿತ್ತು. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮರದ ಜಾತಿ ಅಮೆರಿಕದ ಹಾಡಿನೊಳಗೆ ಹೋಯಿತು. 2017ರಲ್ಲಿ ಬೀಟೆಯ ಜಾತಿಗಳಿಗೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಬಿಗಿ ನಿಯಮ ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ಸಿಕ್ಕಿತು. ಹಳೆಯ ವಾದ್ಯ ಕಾಪಾಡುವುದು ಎಂದರೆ ಒಂದು ಮರವನ್ನು ಮತ್ತೆ ಕಡಿಯದೆ ಇರುವುದೂ ಹೌದು.

ಬೆಸುಗೆ ಮುಗಿಯಿತು. ಕಾಕಾ ಆಂಪ್ಲಿಫೈಯರಿಗೆ ಸಿಕ್ಕಿಸಿ, ಗುಂಡಿ ತಿರುಗಿಸಿ, ತಂತಿ ಮೀಟಿದರು. ಹುಬ್ಬಳ್ಳಿಯ ಗಣೇಶನ ಪೆಂಡಾಲು ಅಲ್ಲೇ ಬಂದು ನಿಂತಿತು. ಅಂಗಡಿಯಿಂದಲೇ ವೈನಿಗೆ ಫೋನ್ ಹಚ್ಚಿ, ಮಾತಾಡದೆ ಗಿಟಾರಿನ ಹತ್ತಿರ ಹಿಡಿದೆ. ಫೋನ್ ತೆಗೆದದ್ದು ಮಗಳು. ಒಂದು ನಿಮಿಷದ ಮೇಲೆ “ಅತ್ತಿ, ಅಪ್ಪಾಜಿ ಗಿಟಾರಲ್ಲಾ?” ಅಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಹಿಂದಿನಿಂದ ವೈನಿಯ ದನಿ ಬಂತು: “ಮಾರಬ್ಯಾಡ ಅಂತ ಹೇಳು.”

ಹಾಗಾದರೆ ಇದರ ಬೆಲೆ ಎಷ್ಟು? ಅಂಗಡಿಯಲ್ಲಿ ಹೆಸರು, ವರ್ಷ, ಮುಟ್ಟದೆ ಉಳಿದದ್ದು, ಯಾರು ನುಡಿಸಿದರು ಎಂಬುದನ್ನು ನೋಡಿ ಬೆಲೆ ಕಟ್ಟುತ್ತಾರೆ. ಅದು ಸುಳ್ಳಲ್ಲ. ಕಷ್ಟದ ಕಾಲಕ್ಕೆ ವಸ್ತು ಮಾರುವುದರಲ್ಲಿ ನಾಚಿಕೆಯೂ ಇಲ್ಲ. ಇದು ನಿಜವಾದ ಗಿಬ್ಸನ್ ಆಗಿದ್ದರೆ ನಾನೇ ಮಾರಿ ಫೀಸು ಕಟ್ಟುತ್ತಿದ್ದೆ, ಅಣ್ಣನೂ ಹೂಂ ಅನ್ನುತ್ತಿದ್ದ. ಆದರೆ ಅಂಗಡಿಯಲ್ಲಿ ಸಿಗುವುದು ಬೇರೆಯವರು ಕೊಡಲು ಒಪ್ಪುವ ಬೆಲೆ. ನುಡಿಯದ ವಾದ್ಯ ಎಷ್ಟು ಲಕ್ಷದ್ದಾದರೂ ಕಪಾಟಿನ ಸಾಮಾನು. ನುಡಿಯುವ ವಾದ್ಯ 3,500ರದ್ದಾದರೂ ವಾದ್ಯ.

ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಗಿಟಾರೋ ಹಾರ್ಮೋನಿಯಮ್ಮೋ ಪಿಟೀಲೋ ಇದ್ದರೆ ನಾಲ್ಕು ಮಾತು. ಅಹಮದಾಬಾದಿನ ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ, ಗೋಡೆಗೆ ತಾಗಿಸಿ ಇಡಬೇಡಿ, ಮರ ಸೀಳುತ್ತದೆ. ತಿಳಿದವರಿಗೆ ತೋರಿಸುವ ಮೊದಲು ಹೊಳಪು, ಬಣ್ಣ ಹಚ್ಚಿಸಬೇಡಿ. ನಿಜವಾಗಿ ಬೆಲೆಯದ್ದಾಗಿದ್ದರೆ ಆ ಅಕ್ಕರೆಯೇ ನಷ್ಟ. ತೆಗೆದ ಹಳೆಯ ಭಾಗ ಎಸೆಯಬೇಡಿ, ಚೀಲದಲ್ಲೇ ಇಡಿ; ನಾನು ಕಡಿದ ಹಳೆಯ ತಂತಿಯನ್ನೂ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೊನೆಯದು, ಯಾರು ಕೊಂಡರು, ಯಾವಾಗ, ಎಷ್ಟಕ್ಕೆ, ಏನು ನುಡಿಸುತ್ತಿದ್ದರು ಎಂದು ಒಂದು ಚೀಟಿ ಬರೆದು ಅದರೊಳಗೆ ಇಡಿ. ಬದುಕಿರುವಾಗಲೇ ಕೇಳಿ ಬರೆಯಿರಿ. ಮಾರುವಾಗ ಅದು ಸಾಕ್ಷಿ, ಮಾರದಿದ್ದರೆ ಅದೇ ಆಸ್ತಿ.

ಬರುವ ರಜೆಗೆ ಅಣ್ಣನ ಮಗಳು ನರೋಡಾಕ್ಕೆ ಬರುತ್ತಾಳೆ. ಗಿಟಾರು ಅವಳ ಜೊತೆ ವಾಪಸು ಹುಬ್ಬಳ್ಳಿಗೆ ಹೋಗುತ್ತದೆ. ಅಲ್ಲಿಯವರೆಗೆ ನನ್ನ ಹತ್ತಿರ. ಅವ್ವ ಸಂತೆಗೆ ಹೋಗುವುದನ್ನು ಕಾಯುವ ಅಗತ್ಯ ಈಗ ಇಲ್ಲ.

ನನಗೆ ಬರುವುದು ಐದೇ ಸ್ವರ. ಬೆರಳು ನಡುಗುತ್ತದೆ, ತಪ್ಪಾದರೆ ನಗಬೇಡಿ. ಆ ಸ್ವಿಚ್ ಸ್ವಲ್ಪ ಹಾಕಿ ಕೊಡುತ್ತೀರಾ? ಐದು ಸ್ವರ ನುಡಿಸಿ ಕೂರುತ್ತೇನೆ.